ಕಾರಿನ ಸ್ಟೀರಿಯೋಗೆ ವರ್ಧಕವನ್ನು ಜೋಡಿಸುವ ಬಗೆ

ವಿಜ್ಞಾನದ ತರಗತಿಯಲ್ಲಿ ನಾವು ಓಮನ ನಿಯಮವನ್ನು ಕಲಿಯುತ್ತೇವೆ. ವಿದ್ಯುತ್ ಸಾಮರ್ಥ್ಯದ ಸೂತ್ರವನ್ನು ಬಾಯಿಪಾಠ ಮಾಡುತ್ತೇವೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆಯುತ್ತೇವೆ. ಆದರೆ ಆ ನಿಯಮಗಳು ಪುಸ್ತಕದ ಹೊರಗೆ ಎಲ್ಲಿ ದುಡಿಯುತ್ತಿವೆ ಎಂದು ಯಾರಾದರೂ ಕೇಳಿದರೆ ಉತ್ತರ ಒಡನೆಯೇ ಹೊಳೆಯುವುದಿಲ್ಲ. ಮುಂಬಯಿಯಂತಹ ಮಹಾನಗರದಲ್ಲಿ ವಾಸಿಸುವ ನಾವು ಆ ಉತ್ತರವನ್ನು ದೂರ ಹುಡುಕಬೇಕಾದುದಿಲ್ಲ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳ ಸಾಲಿನಲ್ಲಿಯೂ, ಕಾರುಗಳಿಗೆ ಸಂಗೀತದ ಸಲಕರಣೆಗಳನ್ನು ಜೋಡಿಸುವ ಗ್ಯಾರೇಜುಗಳಲ್ಲಿಯೂ ಆ ಪಾಠವೇ ಪ್ರತಿದಿನ ನಡೆಯುತ್ತಿರುತ್ತದೆ. ಅಂತಹ ಒಂದು ಕೆಲಸವನ್ನು, ಅಂದರೆ ಕಾರಿನೊಡನೆಯೇ ಬಂದ ಸ್ಟೀರಿಯೋಗೆ ಹೊರಗಿನಿಂದ ಕೊಂಡ ಆಂಪ್ಲಿಫೈಯರನ್ನು ಸೇರಿಸುವ ಕೆಲಸವನ್ನು, ಈ ಲೇಖನದಲ್ಲಿ ವಿವೇಚಿಸೋಣ. ಆಂಪ್ಲಿಫೈಯರನ್ನು ಇಲ್ಲಿ ವರ್ಧಕವೆಂದು ಕರೆಯುತ್ತೇವೆ.

ಹಿಂದೆ ಕಾರಿನ ಸ್ಟೀರಿಯೋ ರುಚಿಸದಿದ್ದರೆ ಅದನ್ನು ಕಿತ್ತು ಬೇರೊಂದನ್ನು ಕೂಡಿಸುತ್ತಿದ್ದರು. ಇಂದಿನ ಅನೇಕ ಕಾರುಗಳಲ್ಲಿ ಇದು ಸುಲಭವಲ್ಲ. ಸ್ಟೀರಿಯೋದ ಪರದೆಯೇ ಹಿಂಬದಿಯ ಕ್ಯಾಮೆರಾದ ಚಿತ್ರವನ್ನು ತೋರಿಸುತ್ತದೆ. ಚಾಲಕನ ಚಕ್ರದ ಮೇಲಣ ಗುಂಡಿಗಳು ಅದರೊಡನೆಯೇ ಮಾತನಾಡುತ್ತವೆ. ಆದುದರಿಂದ ಮೂಲ ಸ್ಟೀರಿಯೋವನ್ನು ಅದರ ಸ್ಥಾನದಲ್ಲಿಯೇ ಉಳಿಸಿ, ಅದಕ್ಕೂ ಸ್ಪೀಕರುಗಳಿಗೂ ನಡುವೆ ವರ್ಧಕವೊಂದನ್ನು ಸೇರಿಸುವುದೇ ಈಗ ರೂಢಿ. ಕೆಲಸ ಚಿಕ್ಕದು, ಆದರೆ ಅದರಲ್ಲಿ ತಪ್ಪಿದರೆ ಕಾರು ಹೊತ್ತಿಕೊಳ್ಳಬಹುದು, ತಪ್ಪದಿದ್ದರೂ ವಿವೇಕವಿಲ್ಲದಿದ್ದರೆ ಕಿವಿ ಕೆಡಬಹುದು. ಹತ್ತನೆಯ ತರಗತಿ ಮುಗಿಸಿ ವಿದ್ಯುತ್ ಕೆಲಸವನ್ನೋ ಮೋಟಾರು ಕೆಲಸವನ್ನೋ ಕಲಿಯಲು ಹೊರಡುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಈ ವಿಷಯ ಬರಿಯ ಕುತೂಹಲದ್ದಲ್ಲ.

ಮೊದಲು, ವರ್ಧಕವೆಂದರೇನು? ಅದು ಶಬ್ದವನ್ನು ಸೃಷ್ಟಿಸುವ ಯಂತ್ರವಲ್ಲ. ಶಕ್ತಿಯನ್ನು ಹುಟ್ಟಿಸುವ ಯಂತ್ರವಂತೂ ಅಲ್ಲವೇ ಅಲ್ಲ. ನಿಮ್ಮ ಕಟ್ಟಡದ ಮಾಳಿಗೆಯ ಮೇಲೆ ನೀರಿನ ತೊಟ್ಟಿಯಿದೆ, ಮನೆಯೊಳಗೆ ನಲ್ಲಿಯಿದೆ. ಬೆರಳಿನ ಅಲ್ಪ ಬಲದಿಂದ ನಲ್ಲಿಯನ್ನು ತಿರುಗಿಸಿದರೆ ರಭಸವಾಗಿ ನೀರು ಧುಮುಕುತ್ತದೆ. ಆ ರಭಸ ಬೆರಳಿನದಲ್ಲ, ತೊಟ್ಟಿಯದು. ಬೆರಳು ಹಿರಿದಾಗಿ ತಿರುಗಿಸಿದರೆ ಹೆಚ್ಚು ನೀರು, ಕಿರಿದಾಗಿ ತಿರುಗಿಸಿದರೆ ಕಡಿಮೆ ನೀರು. ವರ್ಧಕದಲ್ಲಿ ಸ್ಟೀರಿಯೋದಿಂದ ಬರುವ ಸಂಕೇತವೇ ಬೆರಳು, ಟ್ರಾನ್ಸಿಸ್ಟರೇ ನಲ್ಲಿ, ಬ್ಯಾಟರಿಯೇ ತೊಟ್ಟಿ. ಸಂಕೇತದ ಆಕಾರವನ್ನು ಸ್ವಲ್ಪವೂ ಕೆಡಿಸದೆ ಬ್ಯಾಟರಿಯ ಶಕ್ತಿಯನ್ನು ಆ ಆಕಾರದಲ್ಲಿಯೇ ಸ್ಪೀಕರಿಗೆ ಹರಿಸುವುದು ವರ್ಧಕದ ಕಾರ್ಯ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲವೂ ತಾನಾಗಿಯೇ ತಿಳಿಯುತ್ತದೆ.

ಕಾರಿನಲ್ಲಿ ಸಂಗೀತವನ್ನು ಕೇಳುವ ಆಸೆ ಹೊಸದಲ್ಲ. ಲೀ ಡಿ ಫಾರೆಸ್ಟ್ ಎಂಬಾತನು ೧೯೦೬ರಲ್ಲಿ ಮೂರು ವಿದ್ಯುದ್ವಾರಗಳ ನಿರ್ವಾತ ನಳಿಕೆಯನ್ನು ರೂಪಿಸಿದನು. ದುರ್ಬಲ ಸಂಕೇತವನ್ನು ವರ್ಧಿಸುವ ಮಾರ್ಗ ಅದರಿಂದ ತೆರೆಯಿತು. ಅಮೆರಿಕದ ಶಿಕಾಗೋ ನಗರದ ಗಾಲ್ವಿನ್ ಸೋದರರು ೧೯೩೦ರಲ್ಲಿ ‘ಮೊಟೊರೋಲಾ’ ಎಂಬ ಹೆಸರಿನಿಂದ ಕಾರಿನ ರೇಡಿಯೋವನ್ನು ಮಾರಾಟಕ್ಕೆ ತಂದರು. ನಳಿಕೆಗಳಿಗೆ ನೂರಕ್ಕೂ ಹೆಚ್ಚು ವೋಲ್ಟ್ ಬೇಕು. ಅಂದಿನ ಅಮೆರಿಕದ ಕಾರುಗಳಲ್ಲಿ ಸಾಮಾನ್ಯವಾಗಿ ಇದ್ದುದು ೬ ವೋಲ್ಟಿನ ಬ್ಯಾಟರಿ. ಆರಂಭದಲ್ಲಿ ಇದಕ್ಕಾಗಿ ಬೇರೆ ಬ್ಯಾಟರಿಗಳನ್ನೇ ಹೊತ್ತು ತಿರುಗಬೇಕಾಗಿತ್ತು. ಅನಂತರ ವೈಬ್ರೇಟರ್ ಎಂಬ ಸಾಧನ ಬಂದಿತು. ಅದು ಬ್ಯಾಟರಿಯ ನೇರ ಪ್ರವಾಹವನ್ನು ಬಿಡದೆ ಕಡಿದು ಕಡಿದು ಕೊಡುತ್ತಿತ್ತು. ಹಾಗೆ ಕಡಿದ ಪ್ರವಾಹದ ವಿಭವಾಂತರವನ್ನು ಪರಿವರ್ತಕದಿಂದ ಏರಿಸುವುದು ಸಾಧ್ಯವಾಯಿತು. ೧೯೪೭ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ೧೯೫೫ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೋ ಕಂಪೆನಿಗಳು ಟ್ರಾನ್ಸಿಸ್ಟರುಗಳಿಂದಲೇ ರಚಿತವಾದ ಕಾರಿನ ರೇಡಿಯೋವನ್ನು ಪ್ರಕಟಿಸಿದವು. ಹಗುರವಾದ, ತಂಪಾದ, ಕಡಿಮೆ ವೋಲ್ಟಿನಲ್ಲಿ ದುಡಿಯುವ ರೇಡಿಯೋ ದೊರೆಯಿತು. ವೈಬ್ರೇಟರಿನ ಕೆಲಸ ಮುಗಿಯಿತೆಂದು ತೋರಿತು. ಆದರೆ ಅದರ ತತ್ತ್ವ ಮತ್ತೆ ಹೇಗೆ ಅವತರಿಸಿತೆಂಬುದನ್ನು ಈಗ ನೋಡೋಣ.

ಇಂದಿನ ಕಾರಿನ ಬ್ಯಾಟರಿಯನ್ನು ೧೨ ವೋಲ್ಟಿನದೆಂದು ಕರೆಯುತ್ತೇವೆ. ಎಂಜಿನು ಓಡುತ್ತಿರುವಾಗ ಅದು ಸುಮಾರು ೧೪ ವೋಲ್ಟಿಗೆ ಏರುತ್ತದೆ. ಲೆಕ್ಕಕ್ಕಾಗಿ ೧೪.೪ ವೋಲ್ಟ್ ಎಂದಿಟ್ಟುಕೊಳ್ಳೋಣ. ಮೂಲ ಸ್ಟೀರಿಯೋದೊಳಗೆ ಒಂದು ಪುಟ್ಟ ವರ್ಧಕ ಈಗಾಗಲೇ ಇರುತ್ತದೆ. ಅದು ಸ್ಪೀಕರಿನ ಎರಡು ತಂತಿಗಳನ್ನೂ ಸರದಿಯಂತೆ ಸೆಳೆಯುತ್ತದೆ: ಮಜ್ಜಿಗೆ ಕಡೆಯುವಾಗ ಹಗ್ಗದ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆಯುವಂತೆ. ಹೀಗೆ ಎಳೆದರೂ ಸ್ಪೀಕರಿಗೆ ದೊರೆಯುವ ಅಲೆಯ ಶಿಖರ ೧೪.೪ ವೋಲ್ಟನ್ನು ಮೀರಲಾರದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೆ? ಏರಿಳಿಯುವ ಅಲೆಯ ಪರಿಣಾಮಕ ಬೆಲೆ ಶಿಖರಕ್ಕಿಂತ ಕಡಿಮೆ, ಶಿಖರವನ್ನು ೧.೪೧ರಿಂದ ಭಾಗಿಸಬೇಕು. ಅದು ಸುಮಾರು ೧೦ ವೋಲ್ಟ್. ಸ್ಪೀಕರಿನ ರೋಧ ೪ ಓಮ್ ಎಂದಿಟ್ಟರೆ, ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿದಾಗ ಸಾಮರ್ಥ್ಯ ೨೫ ವ್ಯಾಟ್. ಟ್ರಾನ್ಸಿಸ್ಟರುಗಳಲ್ಲಿ ಆಗುವ ನಷ್ಟವನ್ನು ಕಳೆದರೆ ಶುದ್ಧವಾಗಿ ಉಳಿಯುವುದು ೧೫ರಿಂದ ೨೦ ವ್ಯಾಟ್ ಮಾತ್ರ.

ಹಾಗಾದರೆ ಪೆಟ್ಟಿಗೆಯ ಮೇಲೆ ‘೫೦ ವ್ಯಾಟ್ × ೪’ ಎಂದು ದಪ್ಪಕ್ಷರಗಳಲ್ಲಿ ಮುದ್ರಿಸಿರುತ್ತಾರಲ್ಲ, ಅದೆಲ್ಲಿಂದ ಬಂದಿತು? ೧೪.೪ನ್ನು ೧೪.೪ರಿಂದ ಗುಣಿಸಿ ೪ರಿಂದ ಭಾಗಿಸಿರಿ, ೫೧.೮ ಬರುತ್ತದೆ. ಅಂದರೆ ಅಲೆಯು ಇಳಿಯದೆ ಶಿಖರದಲ್ಲಿಯೇ ನಿಂತಿದ್ದರೆ ದೊರೆಯುವ ಸಂಖ್ಯೆ ಅದು. ಹಾಗೆ ನಿಂತ ಅಲೆ ಸಂಗೀತವಲ್ಲ, ಕರ್ಕಶವಾದ ಗದ್ದಲ. ಇದು ಸುಳ್ಳಲ್ಲ, ಆದರೆ ಕೊಳ್ಳುವವನಿಗೆ ಬೇಕಾದ ಸತ್ಯವೂ ಅಲ್ಲ. ಒಂದು ಗುಣಾಕಾರ, ಒಂದು ಭಾಗಾಕಾರ ಬಲ್ಲ ವಿದ್ಯಾರ್ಥಿಯು ಅಂಗಡಿಯಲ್ಲಿ ಮೋಸಹೋಗುವುದಿಲ್ಲ. ಯಾವ ವರ್ಧಕವನ್ನು ಕೊಳ್ಳುವಾಗಲೂ ‘ಆರ್.ಎಂ.ಎಸ್.’ ಎಂದು ಬರೆದಿರುವ ಸಂಖ್ಯೆಯನ್ನೇ ಕೇಳತಕ್ಕದ್ದು.

ಇನ್ನು ಪ್ರತಿ ಸ್ಪೀಕರಿಗೆ ಶುದ್ಧವಾದ ೫೦ ವ್ಯಾಟ್ ಬೇಕೆನ್ನಿ. ೫೦ನ್ನು ೪ರಿಂದ ಗುಣಿಸಿ ವರ್ಗಮೂಲ ತೆಗೆದರೆ ೧೪.೧ ವೋಲ್ಟ್, ಅದರ ಶಿಖರ ೨೦ ವೋಲ್ಟ್. ಬ್ಯಾಟರಿಯಲ್ಲಿರುವುದು ೧೪. ಇಪ್ಪತ್ತನ್ನು ಎಲ್ಲಿಂದ ತರುವುದು? ಹೊರಗಿನ ವರ್ಧಕದ ರಹಸ್ಯವಿರುವುದು ಇಲ್ಲಿಯೇ. ಅದರೊಳಗೆ ಟ್ರಾನ್ಸಿಸ್ಟರುಗಳು ಬ್ಯಾಟರಿಯ ಪ್ರವಾಹವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿಯುತ್ತವೆ. ಬಳೆಯಾಕಾರದ ಪುಟ್ಟ ಪರಿವರ್ತಕವು ಅದರ ವಿಭವಾಂತರವನ್ನು ಏರಿಸುತ್ತದೆ. ಎಂಬತ್ತು ತೊಂಬತ್ತು ವರ್ಷಗಳ ಹಿಂದಿನ ವೈಬ್ರೇಟರು ಮಾಡಿದ ಕೆಲಸವೇ ಇದು. ಹೊಸದಾಗಿರುವುದು ವೇಗ ಮಾತ್ರ.

ಹೀಗೆ ದೊರೆತ ಹೆಚ್ಚಿನ ಸಾಮರ್ಥ್ಯದಿಂದ ಹಾಡು ಎಷ್ಟು ಜೋರಾಗುತ್ತದೆ? ಇಲ್ಲಿ ನಮ್ಮ ಕಿವಿಯು ನಮ್ಮನ್ನು ಅಚ್ಚರಿಗೊಳಿಸುತ್ತದೆ. ಸಾಮರ್ಥ್ಯ ಎರಡು ಪಟ್ಟಾದರೆ ಶಬ್ದದ ಮಟ್ಟ ೩ ಡೆಸಿಬಲ್ ಮಾತ್ರ ಏರುತ್ತದೆ. ಶಬ್ದ ಇಮ್ಮಡಿಯಾದಂತೆ ಕಿವಿಗೆ ತೋರಬೇಕಾದರೆ ಸಾಮರ್ಥ್ಯ ಸುಮಾರು ಹತ್ತು ಪಟ್ಟಾಗಬೇಕು. ೧೮ ವ್ಯಾಟಿನಿಂದ ೫೦ಕ್ಕೆ ಏರಿದರೆ ಲಾಭ ನಾಲ್ಕೂವರೆ ಡೆಸಿಬಲಿಗೂ ತುಸು ಕಡಿಮೆ. ಹಾಗಿರುವಲ್ಲಿ ಇಷ್ಟು ಶ್ರಮವೇಕೆ? ಜೋರಿಗಾಗಿ ಅಲ್ಲ, ಸ್ವಚ್ಛತೆಗಾಗಿ. ಸಂಗೀತ ಸಮನಾಗಿ ಹರಿಯುವುದಿಲ್ಲ. ಮೃದಂಗದ ಒಂದು ಪೆಟ್ಟು ಬಿದ್ದಾಗ ಕ್ಷಣಕಾಲ ಹತ್ತು ಪಟ್ಟು ಸಾಮರ್ಥ್ಯ ಬೇಕಾಗುತ್ತದೆ. ವರ್ಧಕದಲ್ಲಿ ಅಷ್ಟು ಅವಕಾಶವಿಲ್ಲದಿದ್ದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ಪೆಟ್ಟು ಒಡಕು ಧ್ವನಿಯಾಗುತ್ತದೆ. ಅಂತಹ ಚಪ್ಪಟೆ ಅಲೆಗಳು ಬಹಳ ಹೊತ್ತು ಹರಿದರೆ ಸ್ಪೀಕರಿನ ಸೂಕ್ಷ್ಮ ಸುರುಳಿ ಕಾದು ಸುಟ್ಟುಹೋಗುವುದೂ ಉಂಟು. ಹೆಚ್ಚಿನ ಸಾಮರ್ಥ್ಯವೆಂಬುದು ತಲೆಯೆತ್ತಲು ಬೇಕಾದ ಎತ್ತರದ ಮಾಡಿನಂತೆ. ಸದಾ ಮಾಡನ್ನು ಮುಟ್ಟುತ್ತಲೇ ಇರಬೇಕೆಂದಲ್ಲ.

ಈಗ ಅಪಾಯದ ಭಾಗಕ್ಕೆ ಬರೋಣ. ನಾಲ್ಕು ಸ್ಪೀಕರುಗಳಿಗೆ ೫೦ರಂತೆ ೨೦೦ ವ್ಯಾಟ್ ಕೊಡಬೇಕು. ಎ-ಬಿ ಎಂಬ ವರ್ಗದ ವರ್ಧಕದಲ್ಲಿ ಶೇಕಡಾ ೬೦ರಷ್ಟು ಮಾತ್ರ ಶಬ್ದದ ಕಡೆಗೆ ಹೋಗುತ್ತದೆ, ಉಳಿದುದು ಶಾಖವಾಗುತ್ತದೆ. ಆದುದರಿಂದ ಬ್ಯಾಟರಿಯಿಂದ ಸುಮಾರು ೩೩೩ ವ್ಯಾಟ್ ಎಳೆಯಬೇಕು. ಡಿ ವರ್ಗದ ವರ್ಧಕವು ಶೇಕಡಾ ೮೦ರಷ್ಟು ದಕ್ಷವಾದುದೆಂದರೆ ೨೫೦ ವ್ಯಾಟ್ ಸಾಕು. ೩೩೩ ವ್ಯಾಟನ್ನು ೧೪ ವೋಲ್ಟಿನಿಂದ ಭಾಗಿಸಿದರೆ ಪ್ರವಾಹ ಸುಮಾರು ೨೪ ಆಂಪಿಯರ್. ಇದೇ ೩೩೩ ವ್ಯಾಟಿನ ಸಾಧನವನ್ನು ಮನೆಯ ೨೩೦ ವೋಲ್ಟಿನಲ್ಲಿ ನಡೆಸಿದ್ದರೆ ಒಂದೂವರೆ ಆಂಪಿಯರಿನಲ್ಲಿ ಕೆಲಸ ಮುಗಿಯುತ್ತಿತ್ತು. ‘೧೨ ವೋಲ್ಟ್ ಏನು ಮಾಡೀತು?’ ಎಂದು ಹಗುರವಾಗಿ ಆಡುವವರು ಇದನ್ನು ಗಮನಿಸಬೇಕು. ಅದು ಮೈಗೆ ಸಾಮಾನ್ಯವಾಗಿ ಆಘಾತ ಕೊಡಲಾರದು, ನಿಜ. ಆದರೆ ವೋಲ್ಟ್ ಕಡಿಮೆಯಾದಷ್ಟೂ ಆಂಪಿಯರ್ ಹೆಚ್ಚುತ್ತದೆ, ತಂತಿಯನ್ನು ಕಾಯಿಸುವುದು ಆಂಪಿಯರೇ.

ಬ್ಯಾಟರಿಯು ಮುಂಭಾಗದಲ್ಲಿ, ವರ್ಧಕವು ಹಿಂದಿನ ಡಿಕ್ಕಿಯಲ್ಲಿ. ನಡುವಣ ತಂತಿ ೫ ಮೀಟರ್ ಎನ್ನೋಣ. ಮನೆಯ ದೀಪಗಳಿಗೆ ಬಳಸುವ ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಹಾಕಿದರೆ ಅದರ ರೋಧ ೦.೦೫೭ ಓಮ್. ನೋಡಲು ಅದು ಏನೂ ಅಲ್ಲ. ಆದರೆ ೨೪ ಆಂಪಿಯರಿನಿಂದ ಗುಣಿಸಿದರೆ ೧.೪ ವೋಲ್ಟ್ ದಾರಿಯಲ್ಲಿಯೇ ನಷ್ಟ. ಪ್ರವಾಹದ ವರ್ಗದಿಂದ ಗುಣಿಸಿದರೆ ೩೩ ವ್ಯಾಟ್ ಶಾಖ. ಒಂದು ಬೆಸುಗೆ ಕಡ್ಡಿ ಹೊರಸೂಸುವಷ್ಟು ಶಾಖವನ್ನು ನಾವು ಕಾರಿನ ನೆಲಹಾಸಿನ ಕೆಳಗೆ ಹುದುಗಿಸಿದಂತಾಯಿತು. ಅದೇ ೧೦ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ೦.೨ ವೋಲ್ಟ್, ಶಾಖ ೫ ವ್ಯಾಟ್. ಓಮನ ನಿಯಮ ಇಲ್ಲಿ ಅಂಕಗಳ ಮಾತಲ್ಲ. ಇನ್ನೊಂದು ಎಚ್ಚರಿಕೆ: ಅಗ್ಗದ ತಂತಿಗಳಲ್ಲಿ ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ತೆಳುಲೇಪವಿರುತ್ತದೆ. ಅಲ್ಯೂಮಿನಿಯಮ್ಮಿನ ವಾಹಕತೆ ತಾಮ್ರದ ಶೇಕಡಾ ೬೦ರಷ್ಟೇ ಆದುದರಿಂದ ಅಂತಹ ತಂತಿ ಅಷ್ಟೇ ದಪ್ಪವಾಗಿದ್ದರೆ ಸಾಲದು.

ತಂತಿ ದಪ್ಪವಾಗಿದ್ದರೆ ಸಾಕೆ? ಸಾಲದು, ಫ್ಯೂಸು ಬೇಕು. ಎಂಜಿನನ್ನು ಚಾಲೂ ಮಾಡುವ ಮೋಟಾರಿಗಾಗಿ ಕಾರಿನ ಬ್ಯಾಟರಿ ನೂರಾರು ಆಂಪಿಯರುಗಳನ್ನು ಒಮ್ಮೆಲೇ ಕೊಡಬಲ್ಲದು. ತಂತಿಯ ಹೊದಿಕೆ ಎಲ್ಲಿಯಾದರೂ ಸವೆದು ಕಾರಿನ ಲೋಹದ ಮೈಗೆ ತಗುಲಿದರೆ ಆ ನೂರಾರು ಆಂಪಿಯರುಗಳೂ ತಂತಿಯಲ್ಲಿ ನುಗ್ಗಿ ಅದನ್ನು ಕೆಂಡವಾಗಿಸುತ್ತವೆ. ‘ವರ್ಧಕದಲ್ಲಿಯೇ ಫ್ಯೂಸು ಇದೆಯಲ್ಲ’ ಎಂದು ಕೆಲವರು ಹೇಳುವುದುಂಟು. ಆ ಫ್ಯೂಸು ವರ್ಧಕದ ಬಳಿಯಲ್ಲಿದೆ. ತಂತಿ ಅದಕ್ಕಿಂತ ಮೊದಲೇ ಮೈಗೆ ತಗುಲಿದರೆ ಅದು ಏನನ್ನೂ ಅರಿಯದು. ಮುಖ್ಯ ಫ್ಯೂಸು ಕಾಯುವುದು ವರ್ಧಕವನ್ನಲ್ಲ, ತಂತಿಯನ್ನು. ಆದುದರಿಂದ ಅದು ಬ್ಯಾಟರಿಯ ಧನ ತುದಿಯಿಂದ ೪೫ ಸೆಂಟಿಮೀಟರಿನೊಳಗೆ ಇರಬೇಕು. ನಮ್ಮ ಉದಾಹರಣೆಯ ತಂತಿಗೆ ೪೦ ಆಂಪಿಯರಿನ ಫ್ಯೂಸು ಸರಿಯಾದುದು. ಒಮ್ಮೆ ಸುಟ್ಟಿತೆಂದು ಮುಂದಿನ ಸಲ ದೊಡ್ಡದನ್ನು ಹಾಕುವುದೂ, ಬೆಳ್ಳಿಹಾಳೆಯಂತಹುದನ್ನು ಸುತ್ತಿ ಕೆಲಸ ಸಾಗಿಸುವುದೂ, ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಿಟ್ಟಂತೆ.

ಹೊದಿಕೆ ಸವೆಯುವುದು ಸಾಮಾನ್ಯವಾಗಿ ಎಂಜಿನಿಗೂ ಆಸನಗಳಿಗೂ ನಡುವಣ ತಗಡಿನ ಗೋಡೆಯಲ್ಲಿ. ತಗಡಿನ ರಂಧ್ರದ ಅಂಚು ಚಾಕುವಿನಂತೆ ಹರಿತ. ಕಾರಿನ ಪ್ರತಿಯೊಂದು ಕುಲುಕಾಟವೂ ತಂತಿಯನ್ನು ಅದಕ್ಕೆ ಉಜ್ಜುತ್ತದೆ. ಆದುದರಿಂದ ಅಲ್ಲಿ ರಬ್ಬರಿನ ಬಳೆಯನ್ನು ಕೂಡಿಸಿಯೇ ತಂತಿಯನ್ನು ದಾಟಿಸಬೇಕು. ಋಣ ತಂತಿಯನ್ನು ಬ್ಯಾಟರಿಯವರೆಗೆ ಒಯ್ಯಬೇಕಾಗಿಲ್ಲ; ಕಾರಿನ ಲೋಹದ ಮೈಯೇ ಹಿಂದಿರುಗುವ ದಾರಿ. ಆದರೆ ಆ ಜಾಗದ ಬಣ್ಣವನ್ನು ಕೆರೆದು ಹೊಳೆಯುವ ಲೋಹಕ್ಕೆ ಬೋಲ್ಟಿನಿಂದ ಬಿಗಿಯಬೇಕು. ತಂತಿ ಗಿಡ್ಡವಾಗಿರಬೇಕು, ಧನ ತಂತಿಯಷ್ಟೇ ದಪ್ಪವಾಗಿಯೂ ಇರಬೇಕು. ಹೋದಷ್ಟು ಪ್ರವಾಹವೂ ಹಿಂದಿರುಗಲೇಬೇಕಲ್ಲವೆ? ಕೆಲಸವನ್ನು ಆರಂಭಿಸುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಜೋಡಿಸುವುದು ನಿಯಮ. ಧನ ತುದಿಯನ್ನು ಮೊದಲು ಬಿಚ್ಚಹೋದಾಗ ಸ್ಪ್ಯಾನರು ಕಾರಿನ ಮೈಗೆ ತಗುಲಿದರೆ ಕಿಡಿಗಳು ಹಾರುತ್ತವೆ. ಋಣವನ್ನು ಬಿಚ್ಚಿದ ಮೇಲೆ ಆ ಭಯವಿಲ್ಲ.

ಶಕ್ತಿಯ ದಾರಿಯಾಯಿತು; ಇನ್ನು ಸಂಕೇತದ ದಾರಿ. ಮೂಲ ಸ್ಟೀರಿಯೋದಲ್ಲಿ ವರ್ಧಕಕ್ಕೆಂದೇ ಮೀಸಲಾದ ದುರ್ಬಲ ಸಂಕೇತದ ಹೊರದಾರಿ ಸಾಮಾನ್ಯವಾಗಿ ಇರುವುದಿಲ್ಲ. ಸ್ಪೀಕರಿಗೆ ಹೋಗುವ ತಂತಿಗಳಿಂದಲೇ ಸಂಕೇತವನ್ನು ಪಡೆಯಬೇಕು. ಆ ಸಂಕೇತ ೧೦ ವೋಲ್ಟಿನವರೆಗೂ ಏರುತ್ತದೆ. ವರ್ಧಕದ ಸಾಧಾರಣ ಒಳದಾರಿ ಅಷ್ಟನ್ನು ತಾಳಲಾರದು. ಆದುದರಿಂದ ಸ್ಪೀಕರಿನ ತಂತಿಗಳನ್ನೇ ಸ್ವೀಕರಿಸುವ ಒಳದಾರಿಯುಳ್ಳ ವರ್ಧಕವನ್ನು ಆರಿಸಬೇಕು, ಇಲ್ಲವೆ ಸಂಕೇತವನ್ನು ತಗ್ಗಿಸುವ ‘ಲೈನ್ ಔಟ್‌ಪುಟ್ ಕನ್ವರ್ಟರ್’ ಎಂಬ ಪುಟ್ಟ ಪೆಟ್ಟಿಗೆಯನ್ನು ನಡುವೆ ಇಡಬೇಕು. ಇಲ್ಲಿ ಮಜ್ಜಿಗೆಯ ಹಗ್ಗವನ್ನು ಮತ್ತೆ ನೆನೆಯಿರಿ. ಸ್ಪೀಕರಿನ ಎರಡು ತಂತಿಗಳೂ ಜೀವಂತ. ಎರಡೂ ಬ್ಯಾಟರಿಯ ಅರ್ಧದಷ್ಟು ವೋಲ್ಟಿನಲ್ಲಿ ನಿಂತಿರುತ್ತವೆ. ಒಂದನ್ನು ‘ಅರ್ಥ್’ ಎಂದು ಭಾವಿಸಿ ಕಾರಿನ ಮೈಗೆ ತಗುಲಿಸಿದರೆ ಸ್ಟೀರಿಯೋದ ವರ್ಧಕ ಕೆಡುವ ಸಂಭವವಿದೆ. ತಂತಿಗಳನ್ನು ಕತ್ತರಿಸುವುದಕ್ಕಿಂತ ಆ ಕಾರಿಗೆ ಹೊಂದುವ ಕಪ್ಲರನ್ನು ಕೊಂಡು ಜೋಡಿಸುವುದು ಮೇಲು. ಮೂಲ ತಂತಿಗಳನ್ನು ಕತ್ತರಿಸಿದರೆ ಕಂಪೆನಿಯ ಖಾತರಿಗೆ ತೊಡಕು ಬರಬಹುದು.

ಮತ್ತೊಂದು ಸೂಕ್ಷ್ಮವಿದೆ. ಚಿಕ್ಕ ಸ್ಪೀಕರುಗಳು ಹರಿದುಹೋಗದಿರಲೆಂದು ಕೆಲವು ಮೂಲ ಸ್ಟೀರಿಯೋಗಳು ಶಬ್ದವನ್ನು ಏರಿಸಿದಂತೆಲ್ಲ ಮಂದ್ರ ಸ್ವರಗಳನ್ನು ತಾವಾಗಿಯೇ ತಗ್ಗಿಸುತ್ತವೆ. ವರ್ಧಕವು ವಿಧೇಯ ಸೇವಕ. ಬಂದುದನ್ನು ಬಂದಂತೆಯೇ ದೊಡ್ಡದು ಮಾಡುತ್ತದೆ, ಕಳೆದುಹೋದುದನ್ನು ಮರಳಿ ತರಲಾರದು. ಅದನ್ನು ಸರಿಪಡಿಸಲು ಸಂಕೇತ ಸಂಸ್ಕಾರಕವೆಂಬ ಬೇರೆ ಸಾಧನ ಬೇಕಾಗುತ್ತದೆ. ಸಂಕೇತದ ತಂತಿಯನ್ನು ಕಾರಿನ ಒಂದು ಬದಿಯಿಂದಲೂ, ಶಕ್ತಿಯ ತಂತಿಯನ್ನು ಮತ್ತೊಂದು ಬದಿಯಿಂದಲೂ ಒಯ್ಯಬೇಕು. ಎಂಜಿನಿನ ವೇಗದೊಡನೆ ಏರಿಳಿಯುವ ಸಿಳ್ಳಿನಂತಹ ದನಿ ಹಾಡಿನಲ್ಲಿ ಕೇಳಿಬಂದರೆ ಮೊದಲು ಪರೀಕ್ಷಿಸಬೇಕಾದುದು ನೆಲದ ಸಂಪರ್ಕವನ್ನು.

ವರ್ಧಕದ ಮೇಲೆ ‘ಗೇನ್’ ಎಂಬ ತಿರುಪು ಇರುತ್ತದೆ. ಅನೇಕರು ಇದನ್ನು ಶಬ್ದ ಏರಿಸುವ ಗುಂಡಿಯೆಂದೇ ತಿಳಿದು ಕೊನೆಯವರೆಗೂ ತಿರುಗಿಸಿಬಿಡುತ್ತಾರೆ. ಅದು ಸ್ಟೀರಿಯೋದ ಸಂಕೇತಕ್ಕೂ ವರ್ಧಕದ ಸಾಮರ್ಥ್ಯಕ್ಕೂ ಹೊಂದಾಣಿಕೆ ಮಾಡುವ ತಿರುಪು. ಸ್ಪೀಕರುಗಳನ್ನು ಬಿಚ್ಚಿ, ಸ್ವರಗಳನ್ನು ಬೇರ್ಪಡಿಸುವ ಶೋಧಕವನ್ನು ಆರಿಸಿ, ಸ್ಟೀರಿಯೋವನ್ನು ಮುಕ್ಕಾಲು ಭಾಗ ಏರಿಸಿ, ೧೦೦ ಹರ್ಟ್ಜಿನ ಪರೀಕ್ಷಾಸ್ವರವನ್ನು ನುಡಿಸಬೇಕು. ಮಲ್ಟಿಮೀಟರಿನಲ್ಲಿ ನಾವು ಮೊದಲೇ ಲೆಕ್ಕ ಹಾಕಿದ ೧೪.೧ ವೋಲ್ಟ್ ತೋರಿದೊಡನೆ ತಿರುಪನ್ನು ನಿಲ್ಲಿಸಬೇಕು. ಅನಂತರ ಶೋಧಕವನ್ನು ಮತ್ತೆ ಚಾಲೂ ಮಾಡಿ, ಬಾಗಿಲಿನ ಚಿಕ್ಕ ಸ್ಪೀಕರುಗಳಿಗೆ ಸುಮಾರು ೮೦ ಹರ್ಟ್ಜಿಗಿಂತ ಕೆಳಗಿನ ಸ್ವರಗಳು ಹೋಗದಂತೆ ತಡೆಯಬೇಕು. ಆನೆಯ ಹೊರೆಯನ್ನು ಕರುವಿನ ಮೇಲೆ ಹೊರಿಸಬಾರದು.

ಕಾರಿನಲ್ಲಿ ಮುಟ್ಟಲೇಬಾರದ ತಂತಿಗಳೂ ಇವೆ. ಹಳದಿ ಬಣ್ಣದ ಕಪ್ಲರುಗಳು ಗಾಳಿಚೀಲಗಳವು. ಪ್ರಾಣ ಉಳಿಸುವ ಆ ಚೀಲ ತಪ್ಪಾದ ವೇಳೆಯಲ್ಲಿ ಸಿಡಿದರೆ ಗಾಯವಾದೀತು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳು ನೂರಾರು ವೋಲ್ಟಿನವು; ಅವನ್ನು ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಈ ಕೆಲಸವನ್ನು ಕಲಿಯಬಯಸುವವರು ಮೊದಲು ಬಲ್ಲವರ ಪಕ್ಕದಲ್ಲಿ ನಿಂತು ನೋಡತಕ್ಕದ್ದು, ಒಬ್ಬರೇ ಕೈಹಾಕಬಾರದು.

ಕೊನೆಯದಾಗಿ ಕಿವಿಯ ಮಾತು. ನಮ್ಮ ಒಳಗಿವಿಯ ಶಂಖದಲ್ಲಿ ಸುಮಾರು ೧೫ ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಅತಿಯಾದ ಶಬ್ದದಿಂದ ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ೮೫ ಡೆಸಿಬಲ್ ಶಬ್ದಕ್ಕೆ ದಿನಕ್ಕೆ ೮ ಗಂಟೆಗಳ ಮಿತಿಯನ್ನು ಸೂಚಿಸಿದೆ. ಪ್ರತಿ ೩ ಡೆಸಿಬಲ್ ಏರಿದಂತೆ ಮಿತಿ ಅರ್ಧವಾಗುತ್ತದೆ. ೧೦೦ ಡೆಸಿಬಲಿಗೆ ಉಳಿಯುವುದು ೧೫ ನಿಮಿಷ ಮಾತ್ರ. ಮುಚ್ಚಿದ ಕಾರಿನಲ್ಲಿ ಒಳ್ಳೆಯ ವರ್ಧಕವು ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಒಡಕು ಧ್ವನಿಯಿದ್ದಾಗ ಕಿವಿ ತಾನೇ ‘ಸಾಕು’ ಎನ್ನುತ್ತದೆ. ಸ್ವಚ್ಛವಾದ ಧ್ವನಿಯಲ್ಲಿ ಆ ಎಚ್ಚರಿಕೆಯೂ ಇರುವುದಿಲ್ಲ. ಅಲ್ಲದೆ ಹಾಡಿನ ಅಬ್ಬರದಲ್ಲಿ ಆಂಬುಲೆನ್ಸಿನ ಕೂಗು ಚಾಲಕನಿಗೆ ಕೇಳದೆ ಹೋದರೆ ಆ ಹಾಡಿನ ಬೆಲೆ ಇನ್ನೊಬ್ಬರ ಜೀವ. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬಲಿನ ಮಿತಿಯನ್ನು ವಿಧಿಸಿವೆ. ಒಂದೇ ಗೋಡೆಯ ಎರಡು ಬದಿಗಳಲ್ಲಿ ಎರಡು ಸಂಸಾರಗಳು ಬಾಳುವ ನಮ್ಮ ಊರಿನಲ್ಲಿ ನಿಯಮವಿಲ್ಲದಿದ್ದರೂ ಇದು ಸೌಜನ್ಯ.

ವಿದ್ಯಾರ್ಥಿಮಿತ್ರರೇ, ಗ್ಯಾರೇಜಿನ ಮಾತು ಹಿಂದಿಯಲ್ಲೋ ಮರಾಠಿಯಲ್ಲೋ ನಡೆಯುತ್ತದೆ. ಪೆಟ್ಟಿಗೆಯ ಮೇಲಿನ ಬರಹ ಇಂಗ್ಲಿಷಿನಲ್ಲಿರುತ್ತದೆ. ಅದರಿಂದ ನೀವು ಹಿಂಜರಿಯಬೇಕಾದುದಿಲ್ಲ. ಇಲ್ಲಿ ನಾವು ಮಾಡಿದ ಲೆಕ್ಕಗಳಿಗೆ ಬೇಕಾದುದು ಗುಣಾಕಾರ, ಭಾಗಾಕಾರ, ವರ್ಗಮೂಲ ಮತ್ತು ಕನ್ನಡದಲ್ಲಿ ನೀವು ಕಲಿತ ಎರಡು ಸೂತ್ರಗಳು, ಅಷ್ಟೇ. ಯಾವ ವಿದ್ಯುತ್ ಕೆಲಸವನ್ನು ಕಂಡರೂ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿರಿ: ಶಕ್ತಿ ಎಲ್ಲಿಂದ ಬರುತ್ತಿದೆ? ಪ್ರವಾಹ ಎಷ್ಟು? ಅದು ಯಾವ ದಾರಿಯಿಂದ ಹಿಂದಿರುಗುತ್ತದೆ? ದಾರಿ ತಪ್ಪಿದರೆ ತಡೆಯುವವರು ಯಾರು? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆಯೇ ಕೈಯಲ್ಲಿ ಸ್ಪ್ಯಾನರನ್ನು ಹಿಡಿಯತಕ್ಕದ್ದು.